ಚಿಕ್ಕತಾಯವ್ವನ ಹುಳಿಸೊಪ್ಪು

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಒಬ್ಬಿಬ್ಬರು ಈಗಲೂ ನಂಜನಗೂಡಿನ ನಮ್ಮ ಮನೆಗೆ ಬಂದು ಹೋಗುತ್ತಾರೆ. ಕಾಫಿ ಕುಡಿಯುತ್ತ ಅವರು ಕೇಳುವುದು ಒಂದೇ ಪ್ರಶ್ನೆ, ಕೆಲಸ ಕಷ್ಟವಾ ಮೇಡಂ ಅಂತ. ಕೆಲಸ ಏನೂ ಕಷ್ಟವಿಲ್ಲ ಕಣ್ರಮ್ಮ, ಬಿಟ್ಟು ಬರೋದು ಕಷ್ಟ ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಒಂಬತ್ತೂವರೆ ಆಯಿತೆಂದರೆ ನನ್ನ ಕೈ ಬಿಳಿ ಕೋಟು ಹುಡುಕುತ್ತದೆ. ಅಡುಗೆಮನೆಯಲ್ಲಿ ತಟ್ಟೆ ತೊಳೆದರೆ ಬೆಳಕಿಗೆ ಹಿಡಿದು ನೋಡುತ್ತೇನೆ. ಮನೆಯವರು ನೋಡಿ ನೋಡಿ ಸುಮ್ಮನಾಗಿದ್ದಾರೆ.

ನಾನು ಸೂಕ್ಷ್ಮಜೀವಿ ವಿಭಾಗದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಯಾವಾಗ ಬಡ್ತಿ ಬಂತು, ಯಾವ ಗ್ರೇಡು ಸಿಕ್ಕಿತು ಎನ್ನುವುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಮ್ಮದು ಊರಾಚೆಯ ಸಣ್ಣ ಸಂಶೋಧನಾ ಲ್ಯಾಬು. ಜನ ಗಾಯಕ್ಕೆ, ಕಜ್ಜಿಗೆ, ಭೇದಿಗೆ ಬಳಸುವ ಗಿಡದ ಎಲೆಗಳನ್ನು ತಂದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸತ್ವ ಇಳಿಸಿ, ಅದು ರೋಗ ತರುವ ಸೂಕ್ಷ್ಮಾಣುಗಳನ್ನು ತಡೆಯುತ್ತದೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಗಟ್ಟಿ ಗಂಜಿ ಹೊಯ್ದು, ಅದರ ಮೇಲೆ ಸೂಕ್ಷ್ಮಾಣು ಹರಡಿ, ಪುಟ್ಟ ಗುಂಡಿ ಕೊರೆದು ಎಲೆಯ ಸತ್ವ ಬಿಡುತ್ತೇವೆ. ಮಾರನೆಯ ದಿನ ತಟ್ಟೆಯೆಲ್ಲ ಮಸುಕಾಗಿ ಬೆಳೆದಿರುತ್ತದೆ. ಎಲೆಗೆ ಶಕ್ತಿ ಇದ್ದರೆ ಗುಂಡಿಯ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಒಂದು ಬಳೆ ಬಿದ್ದಿರುತ್ತದೆ. ಆ ಬಳೆಯ ಅಗಲವನ್ನು ಸ್ಕೇಲಿಟ್ಟು ಅಳೆಯುವುದು. ಇಷ್ಟೇ. ಇಷ್ಟಕ್ಕೆ ಒಂದು ಆಯುಷ್ಯ ಹಾಕಿದೆನಾ ಅಂದರೆ, ಹಾಕಿದೆ, ಇನ್ನೊಂದಿದ್ದರೆ ಅದನ್ನೂ ಹಾಕುತ್ತಿದ್ದೆ.

ನಮ್ಮವ್ವ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು. ಎಳೆ ಹರಿಯದ ಹಾಗೆ ಕೈ ಹಗುರ ಹಿಡಿಯುವುದನ್ನು ನಾನು ಅವಳ ಪಕ್ಕ ಕೂತು ಕಲಿತೆ. ತಂತಿಯ ಕಡ್ಡಿಯನ್ನು ದೀಪದಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಸೂಕ್ಷ್ಮಾಣು ಹತ್ತಿಸಿಕೊಂಡು ಅಗರ್ ಮೇಲೆ ಗೀರು ಎಳೆಯುವಾಗ ಆ ಕೈಯೇ ಬೇಕು. ಒತ್ತಿದರೆ ಗಂಜಿ ಕಿತ್ತುಬರುತ್ತದೆ. ಮೊದಲ ದಿನ ನನ್ನ ಗೀರು ನೋಡಿದ ನಮ್ಮ ಮುಖ್ಯಸ್ಥರು ಮಹದೇವಸ್ವಾಮಿ ಸಾರ್, ಎಲ್ಲಿ ಕಲಿತಿದ್ದಮ್ಮಾ ಅಂತ ಕೇಳಿದರು. ಚರಕದಲ್ಲಿ ಸಾರ್ ಅಂದೆ. ಅವರು ನಗಲಿಲ್ಲ, ತಲೆದೂಗಿದರು.

ಅದೇ ಸಾರ್ ಹದಿನೈದು ದಿನಕ್ಕೆ ನನ್ನ ಚಳಿ ಬಿಡಿಸಿದರು. ಆಗ ತಟ್ಟೆಗಳಿಗೆ ಹೆಸರು ಬರೆಯುವುದು ನನ್ನ ಪಾಲಿನದು. ನಾನು ಜಾಣೆ, ಓದಲು ಸುಲಭವಾಗಲಿ ಎಂದು ಮುಚ್ಚಳದ ಮೇಲೆ ಬರೆದೆ. ಅಳೆಯುವಾಗ ಎಲ್ಲ ಮುಚ್ಚಳ ತೆಗೆದು ಒಂದು ಕಡೆ ಜೋಡಿಸಿದ್ದೇ ಸರಿ, ಯಾವ ಮುಚ್ಚಳ ಯಾವ ತಟ್ಟೆಯದು ಎನ್ನುವುದು ದೇವರಿಗೂ ತಿಳಿಯದಂತಾಯಿತು. ಬೇವು ಯಾವುದು, ತುಂಬೆ ಯಾವುದು, ಬರೀ ನೀರು ಯಾವುದು? ಒಂದು ವಾರದ ಕೆಲಸ ಮೋರಿಗೆ ಹೋಯಿತು. ಸಾರ್ ಬೈಯಲಿಲ್ಲ. ನಲವತ್ತು ಖಾಲಿ ತಟ್ಟೆ ಕೊಟ್ಟು, ಎಲ್ಲದರ ತಳದಲ್ಲೂ ನಿನ್ನ ಹೆಸರು ಬರೆದುಕೊಂಡು ಬಾ ಅಂದರು. ತಳದಲ್ಲಿ ಬರೆಯಬೇಕು, ಮುಚ್ಚಳದಲ್ಲಲ್ಲ. ನೀವೂ ನೆನಪಿಡಿ.

ಅಳೆಯುವುದರಲ್ಲಿ ಅವರು ಇನ್ನೂ ಬಿಗಿ. ಬಳೆ ಹದಿಮೂರೂವರೆ ಮಿಲಿಮೀಟರ್ ಬಂದರೆ ಹದಿಮೂರು ಎಂದು ಬರೆಸುತ್ತಿದ್ದರು, ಹದಿನಾಲ್ಕು ಅಂತ ಬರೆದವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಎಲೆಗೆ ನಾವು ವಕೀಲರಲ್ಲ ಎನ್ನುತ್ತಿದ್ದರು. ಈಗ ಯಂತ್ರವೇ ತಟ್ಟೆಯ ಫೋಟೋ ತೆಗೆದು ಅಂಕಿ ಹೇಳುತ್ತದಂತೆ. ಒಳ್ಳೆಯದೇ. ಆದರೆ ಕಪ್ಪು ಬಟ್ಟೆಯ ಮೇಲೆ ತಟ್ಟೆ ಇಟ್ಟು, ಕಿಟಕಿಯ ಬೆಳಕಿಗೆ ಬಾಗಿ, ಬಳೆ ಬಿದ್ದಿದೆಯಾ ಎಂದು ನೋಡುವ ಆ ಒಂದು ಗಳಿಗೆಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತಲ್ಲ, ಅದು ಈಗಿನ ಮಕ್ಕಳಿಗೆ ಸಿಗುವುದಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ. ನಾವು ಆಫೀಸಿನ ಪಂಚಿಂಗ್ ಮಷಿನ್‌ನಲ್ಲಿ ಸೋಸುಕಾಗದ ತೂತು ಹೊಡೆದು, ಸತ್ವದಲ್ಲಿ ಅದ್ದುವ ಬಿಲ್ಲೆ ಮಾಡಿದವರು. ಅನ್ನದ ಕುಕ್ಕರಿನಲ್ಲಿ ಗಾಜಿನ ತಟ್ಟೆ ಬೇಯಿಸಿ ಶುಚಿ ಮಾಡಿದವರು. ಅಗರ್ ಕುದಿಯುವಾಗ ಬರುವ ಮೂಳೆಸಾರಿನಂಥ ವಾಸನೆಗೆ ಮೊದಲ ತಿಂಗಳು ವಾಕರಿಸುತ್ತಿದ್ದೆ. ಈಗ ಆ ವಾಸನೆ ಒಮ್ಮೆ ಬಂದರೆ ಸಾಕು ಅನ್ನಿಸುತ್ತದೆ.

ಆದರೆ ನಾನು ಕೂತು ಬರೆಯಬೇಕೆಂದುಕೊಂಡಿದ್ದು ಇದನ್ನಲ್ಲ. ಚಿಕ್ಕತಾಯವ್ವನ ವಿಚಾರ. ಇಲ್ಲಿಯವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ.

ಟಿ. ನರಸೀಪುರದ ಹತ್ತಿರ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಈ ಹೆಂಗಸು ಮಕ್ಕಳ ಹುಣ್ಣಿಗೆ ಎಲೆ ಕೊಡುತ್ತಾರೆ ಎಂದು ಸಾರ್‌ಗೆ ಯಾರೋ ಹೇಳಿದ್ದರು. ಎಲೆ ತರಲು ನನ್ನನ್ನು ಗುರುವಾರ ಗುರುವಾರ ಕಳಿಸಿದರು. ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಹದಿನಾರು ಅನ್ನುವ ಊರು ದಾಟುವ ಹೊತ್ತಿಗೆ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಆ ಬಸ್ಸು, ಆ ಗಾಳಿ, ನರಸೀಪುರದಲ್ಲಿಳಿದು ಆಟೋ ಹಿಡಿಯುವ ಮುಂಚೆ ಕುಡಿಯುತ್ತಿದ್ದ ಅರ್ಧ ಲೋಟ ಟೀ, ಇವೆಲ್ಲ ಸಂಬಳದ ಲೆಕ್ಕಕ್ಕೆ ಬರದ ಸುಖ.

ಚಿಕ್ಕತಾಯವ್ವನಿಗೆ ಆಗಲೇ ಎಪ್ಪತ್ತು ದಾಟಿತ್ತು. ಜಗುಲಿಯ ಮೇಲೆ ಒಬ್ಬರಲ್ಲ ಒಬ್ಬರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇರುತ್ತಿದ್ದರು. ಈಕೆ ಒಂದು ಕಾಸು ಮುಟ್ಟುವವರಲ್ಲ. ಊರವರು ಒಂದೇ ಮಾತು ಹೇಳುತ್ತಿದ್ದರು, ಅವ್ವನ ಕೈಗುಣ ಅದು, ಎಲೆ ಬೇರೆ ಯಾರು ಕಿತ್ತರೂ ಆಗಲ್ಲ. ಆಕೆಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ತನ್ನದು ಅಂತ ಇದ್ದದ್ದು ಆ ಕೈಗುಣ ಒಂದೇ, ಆ ಜಗುಲಿ ಒಂದೇ.

ಎಲೆ ಯಾವುದೆಂದರೆ ಹಿತ್ತಲಿನ ಬೇಲಿಯಲ್ಲಿ ಬೆಳೆಯುವ ಒಂದು ಹುಳಿಸೊಪ್ಪು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಓದಿದವರು ಕಿತ್ತು ಗಾಯಕ್ಕೆ ಮೆತ್ತಿಕೊಂಡರೆ ಆಸ್ಪತ್ರೆಯ ದಾರಿಯನ್ನು ನಾನೇ ತೋರಿಸಬೇಕಾಗುತ್ತದೆ. ಮೊದಲ ಸಲ ಹೋದಾಗ ಆಕೆ ದೇವರ ಮೂಲೆಯಿಂದ ಒಂದು ಹಳೆಯ ತಾಮ್ರದ ಚೊಂಬು ತಂದು, ಅದರೊಳಗೆ ಜಜ್ಜಿ ಇಟ್ಟಿದ್ದ ಸೊಪ್ಪನ್ನು ಬಾಳೆಲೆಗೆ ಸುರಿದು ಕಟ್ಟಿಕೊಟ್ಟರು.

"ಒಂದ್ ರಾತ್ರಿ ಚೊಂಬಲ್ಲಿ ಮಡಗಿವ್ನಿ ಕಣವ್ವ. ಅಂಗೇ ಇರ್ಬೇಕು, ನಮ್ಮತ್ತ್ಯಮ್ಮ ಯೋಳ್ಕೊಟ್ಟಿದ್ದು," ಅಂದರು.

ನಾನು ಹೂಂ ಅಂದೆ. ನನ್ನ ಕೈಯಲ್ಲಿ ಸಾರ್ ಮಾಡಿಸಿದ್ದ ಫಾರಂ ಇತ್ತು. ಎಲೆಯ ಹೆಸರು, ಊರು, ತಾರೀಕು, ತೂಕ, ಕಿತ್ತದ್ದು ಬೆಳಿಗ್ಗೆಯೋ ಸಂಜೆಯೋ. ಎಲ್ಲ ಕಾಲಂ ತುಂಬಿದೆ. ಆಕೆ ಹೇಳಿದ ಮಾತನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ, ಬರೆಯಲಿಲ್ಲ.

ಆ ಎಲೆ ಲ್ಯಾಬಿನಲ್ಲಿ ಮಾಡಿದ ಸದ್ದು ಏನು ಹೇಳಲಿ! ಹುಣ್ಣಿನಲ್ಲಿ ಕೀವು ತರಿಸುವ ಸೂಕ್ಷ್ಮಾಣುವಿನ ತಟ್ಟೆಯಲ್ಲಿ ಇಷ್ಟಗಲದ ಬಳೆ. ಬರೀ ನೀರಿನ ಸತ್ವಕ್ಕೆ ಅಂಥ ಬಳೆ ನಾನು ಕಂಡಿರಲಿಲ್ಲ. ಸಾರ್ ಮೂರು ಸಲ ಮಾಡಿಸಿದರು, ಮೂರು ಸಲವೂ ಬಂತು. ಯಾವತ್ತೂ ಎದ್ದು ನಿಲ್ಲದ ಮನುಷ್ಯ ಕುರ್ಚಿಯಿಂದೆದ್ದು ಬಂದು ಕಿಟಕಿಯ ಹತ್ತಿರ ನನ್ನ ಪಕ್ಕ ನಿಂತರು. ನಾನು ಮುಂದಿನ ಗುರುವಾರ ಹೋಗಿ, ಅವ್ವಾ, ನಿಮ್ಮ ಎಲೆ ಗೆದ್ದಿತು ಅಂದೆ. ಹಾಗೆ ಹೇಳುವುದು ನಮ್ಮ ಕೆಲಸದ ನಿಯಮವಲ್ಲ. ಸಂತೋಷ ತಡೆಯಲಿಲ್ಲ. ಆಕೆ ನನಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು, ತಿನ್ನು ಮಗಾ ಅಂತ ತಲೆ ಸವರಿದರು. ಆ ಒಂದು ವರ್ಷದಲ್ಲಿ ನನಗೆ ನನ್ನವ್ವ ಇಲ್ಲ ಅನ್ನುವುದು ಮರೆತುಹೋಗಿತ್ತು.

ಯುಗಾದಿ ಬಂತು. ಏನಾದರೂ ಕೊಡಬೇಕು ಅನ್ನಿಸಿ, ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬ ತೆಗೆದುಕೊಂಡು ಹೋದೆ. ಕೊಡುವಾಗ ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ನಾನು ಲ್ಯಾಬಿನವಳಲ್ಲವೇ, ನಾಲಿಗೆ ಸುಮ್ಮನಿರಲಿಲ್ಲ. ಆ ಚೊಂಬಿನ ಕಂಠದಲ್ಲಿ ಹಸಿರು ಕಿಲುಬು ಕಟ್ಟಿದೆ ಅವ್ವಾ, ಲ್ಯಾಬಿಗೆ ಕೊಡೋ ಎಲೆ ಶುಚಿಯಾಗಿರಬೇಕು, ಇನ್ನುಮೇಲೆ ಇದರಲ್ಲಿಡಿ ಅಂದೆ. ಆಕೆ ಡಬ್ಬವನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದಿಟ್ಟು ಕೈ ಮುಗಿದರು. ಪಾತ್ರೆ ಕೊಟ್ಟವರನ್ನು ಬರಿಗೈಲಿ ಕಳಿಸಬಾರದಂತೆ. ಒಳಗೆ ಹೋಗಿ ಆ ತಾಮ್ರದ ಚೊಂಬಿಗೇ ರಾಗಿ ತುಂಬಿ ತಂದು ನನ್ನ ಮಡಿಲಲ್ಲಿಟ್ಟರು. ಬೇಡವೆಂದೆ. ನಿಂದು ಬಂತಲ್ಲ, ಇನ್ ಇದ್ಯಾಕೆ ನಂಗೆ ಎಂದರು. ಅತ್ತೆಯ ಕಾಲದ ವಸ್ತುವನ್ನು ಕೊಟ್ಟರಲ್ಲ ಎಂದು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿದೆ. ನಮ್ಮ ಯಜಮಾನರಿಗೆ ಬೆಳಿಗ್ಗೆ ಎದ್ದು ಚೊಂಬಿನ ನೀರು ಕುಡಿಯುವ ಅಭ್ಯಾಸ, ಅವರಿಗೆ ಒಳ್ಳೆಯದಾಯಿತು.

ಅದರ ಮುಂದಿನ ತಟ್ಟೆಯಲ್ಲಿ ಬಳೆ ಬರಲಿಲ್ಲ.

ಮೊದಲು ಅಗರ್ ಮೇಲೆ ಅನುಮಾನಪಟ್ಟೆ, ಹೊಸದು ಕುದಿಸಿದೆ. ಸೂಕ್ಷ್ಮಾಣುವಿನ ಮೇಲೆ ಅನುಮಾನಪಟ್ಟು ಹೊಸ ಟ್ಯೂಬು ತೆಗೆದೆವು. ಮತ್ತೆ ಹೋಗಿ ಎಲೆ ತಂದೆ, ಮತ್ತೆ ಮಾಡಿದೆ. ತಟ್ಟೆ ತುಂಬ ಮಸುಕು. ಸಾರ್ ಒಂದು ದಿನ ಮೆಲ್ಲಗೆ, ನಾಗರತ್ನಾ, ಹಿಂದಿನ ತಟ್ಟೆಗಳ ಹೆಸರು ತಳದಲ್ಲೇ ಬರೆದಿದ್ದೆಯಲ್ಲವಾ ಎಂದು ಕೇಳಿದರು. ಅಷ್ಟು ವರ್ಷದ ಮೇಲೆ ಆ ಪ್ರಶ್ನೆ! ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ಕೊನೆಗೆ ವರದಿಯಲ್ಲಿ, ಪರಿಣಾಮ ಖಚಿತವಾಗಿಲ್ಲ ಎಂದು ಬರೆದು ಕಡತ ಮುಚ್ಚಿದರು. ಆ ಫಾರಂನಲ್ಲಿ ಇದ್ದದ್ದಷ್ಟನ್ನೇ ನೋಡಿದರೆ ಅದು ಸರಿಯಾದ ತೀರ್ಮಾನವೇ.

ಅದನ್ನು ಚಿಕ್ಕತಾಯವ್ವನಿಗೆ ಹೇಳಿ ಬರಲು ಹೋದೆ. ಜಗುಲಿ ಖಾಲಿ ಇತ್ತು. ಪಕ್ಕದ ಮನೆಯ ಮಗುವಿನ ಹುಣ್ಣು ಈಕೆಯ ಎಲೆ ಹಾಕಿದ ಮೇಲೂ ಊದಿಕೊಂಡು, ನರಸೀಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಿಸಿ ವಾಸಿಮಾಡಿಕೊಂಡು ಬಂದಿದ್ದರಂತೆ. ಅದಾದ ಮೇಲೆ ಇನ್ನೂ ಎರಡು ಮಕ್ಕಳಿಗೆ ಹಿಡಿಯಲಿಲ್ಲ. ಜನ ಬರುವುದು ಬಿಟ್ಟರು. ನಾನು ಏನು ಹೇಳಬೇಕೆಂದು ಬಂದಿದ್ದೆನೋ ಅದನ್ನು ಆಕೆಯೇ ಹೇಳಿಬಿಟ್ಟರು.

"ಕೈಗುಣ ಓಯ್ತು ಕಣವ್ವ. ಬಿಡು, ಎಲ್ಲಾ ಎಲ್ಡ್ ದಿನದ್ದು."

ಎಲೆಯನ್ನು ಊರಾಚೆ ಕೊಟ್ಟಿದ್ದಕ್ಕೆ ಹಾಗಾಯಿತೆಂದು ಊರಲ್ಲಿ ಮಾತಾಡುತ್ತಿದ್ದರು. ಆಕೆ ಅದನ್ನು ನನ್ನೆದುರು ಎತ್ತಲಿಲ್ಲ, ರೊಟ್ಟಿ ಬಡಿಸಿದರು. ಅರ್ಧಕ್ಕೇ ಎದ್ದು ಕೈ ತೊಳೆದೆ. ಆಮೇಲೆ ನಾನು ಹೋಗಲಿಲ್ಲ. ಹೋಗದೆ ಏಳೆಂಟು ವರ್ಷ ಕಳೆದೆ. ಗುರುವಾರ ಬಂದರೆ ಬಸ್‌ಸ್ಟ್ಯಾಂಡಿನ ಕಡೆ ತಿರುಗದ ಹಾಗೆ ಬೇರೆ ರಸ್ತೆಯಲ್ಲಿ ಲ್ಯಾಬಿಗೆ ಹೋಗುತ್ತಿದ್ದೆ. ನಾಚಿಕೆ ಅನ್ನುವುದು ಮನುಷ್ಯನನ್ನು ಏನೆಲ್ಲ ಸುತ್ತಿಸುತ್ತದೆ.

ನಿವೃತ್ತಿಗೆ ಕೆಲವೇ ತಿಂಗಳಿತ್ತು. ಕುಡಿಯುವ ನೀರಿನ ಪರೀಕ್ಷೆಗೆಂದು ಹೊಸ ಕಂಪನಿಯ ಅಗರ್ ಪುಡಿ ಬಂತು. ಹೊಸ ಪುಡಿ ಬಂದರೆ, ಖಂಡಿತ ಸೂಕ್ಷ್ಮಾಣು ಇರುವ ನೀರೊಂದನ್ನು ಹಾಕಿ, ಬೆಳೆಯುತ್ತದಾ ಅಂತ ಮೊದಲು ನೋಡಬೇಕು. ನಮ್ಮ ಮನೆಯ ಬೋರ್‌ವೆಲ್ ನೀರು ಅದಕ್ಕೆ ಹೇಳಿ ಮಾಡಿಸಿದ್ದು. ಅವತ್ತು ಕರೆಂಟಿಲ್ಲ, ನಲ್ಲಿ ಒಣಗಿತ್ತು. ಚೊಂಬಿನಲ್ಲಿ ಹಿಂದಿನ ದಿನದ ನೀರಿತ್ತು, ಅದನ್ನೇ ಬಾಟಲಿಗೆ ಬಗ್ಗಿಸಿಕೊಂಡು ಹೋದೆ. ಮಾರನೆಯ ದಿನ ತಟ್ಟೆ ತೊಳೆದಿಟ್ಟ ಹಾಗಿತ್ತು. ಒಂದು ಚುಕ್ಕಿ ಇಲ್ಲ. ಪುಡಿಯೇ ಸರಿಯಿಲ್ಲ ಎಂದು ಕಂಪನಿಯವನಿಗೆ ಫೋನು ಮಾಡಿ ಜಗಳವಾಡಿದೆ. ಜಗಳ ಮುಗಿಸಿ, ಎದುರಿಗೆ ಹಿಡಿದು ತೋರಿಸೋಣ ಎಂದು ನಲ್ಲಿ ನೀರನ್ನೂ ಚೊಂಬಿನ ನೀರನ್ನೂ ಒಟ್ಟಿಗೆ ಹಾಕಿದೆ. ನಲ್ಲಿ ನೀರಿನ ತಟ್ಟೆ ತುಂಬ ಬೆಳೆದಿತ್ತು. ಚೊಂಬಿನದು ಖಾಲಿ.

ತಾಮ್ರದಲ್ಲಿಟ್ಟ ನೀರು ಒಳ್ಳೆಯದು ಅನ್ನುವುದು ನಮ್ಮ ಬೀದಿಯ ಎಲ್ಲರಿಗೂ ಗೊತ್ತು, ನನ್ನ ಗಂಡನಿಗೆ ನಾನೇ ದಿನಾ ಕೊಡುತ್ತಿದ್ದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದೆ. ಎರಡು ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತಾಗ ನನಗೆ ಕಂಡದ್ದು ದೇವರ ಮೂಲೆಯಿಂದ ಆ ಚೊಂಬು ತರುತ್ತಿದ್ದ ಚಿಕ್ಕತಾಯವ್ವ.

ಅದೇ ಹುಳಿಸೊಪ್ಪು ತಾಂಡವಪುರದ ಒಂದು ಹೊಲದ ಬೇಲಿಯಲ್ಲಿ ಸಿಕ್ಕಿತು. ಅರ್ಧ ಚೊಂಬಿನಲ್ಲಿ, ಅರ್ಧ ಸ್ಟೀಲಿನಲ್ಲಿ ಒಂದು ರಾತ್ರಿ ಇಟ್ಟೆ. ಚೊಂಬಿನ ಬರೀ ನೀರನ್ನೂ ಜೊತೆಗೆ ತೆಗೆದುಕೊಂಡೆ. ಒಂದೇ ತಟ್ಟೆಯಲ್ಲಿ ಮೂರು ಗುಂಡಿ ಕೊರೆದೆ. ತಳದಲ್ಲಿ ಮೂರರ ಹೆಸರನ್ನೂ ಬರೆದೆ. ಮಾರನೆಯ ದಿನ ಸ್ಟೀಲಿನ ಎಲೆಗೆ ಏನೂ ಇಲ್ಲ. ಚೊಂಬಿನ ನೀರಿಗೆ ಗುಂಡಿಯ ಅಂಚಿನಲ್ಲಿ ಬಂದೂ ಬಾರದ ಹಾಗೆ. ಚೊಂಬಿನ ಎಲೆಗೆ ಆ ಹಳೆಯ ಬಳೆ, ಅಷ್ಟೇ ಅಗಲ, ಅಷ್ಟೇ ತಿಳಿ. ಸೊಪ್ಪಿನ ಹುಳಿ ಚೊಂಬಿನ ತಾಮ್ರವನ್ನು ಬಿಡಿಸಿಕೊಳ್ಳುತ್ತಿತ್ತು, ಸೂಕ್ಷ್ಮಾಣುವನ್ನು ತಡೆಯುತ್ತಿದ್ದದ್ದು ಆ ತಾಮ್ರ. ಅದನ್ನೇ ನಾನು ಕಿಲುಬು ಅಂದಿದ್ದೆ.

ನಿವೃತ್ತರಾದ ಮೇಲೂ ಸಲಹೆಗಾರರಾಗಿ ಲ್ಯಾಬಿಗೆ ಬರುತ್ತಿದ್ದ ಸಾರ್ ಮುಂದೆ ತಟ್ಟೆಯನ್ನಿಟ್ಟು ಯುಗಾದಿಯ ಡಬ್ಬದಿಂದ ಹಿಡಿದು ಎಲ್ಲ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮೂರು ಗುಂಡಿಯನ್ನೂ ತಾವೇ ಅಳೆದರು. ತಾಮ್ರದ ಗುಣ ಲೋಕಕ್ಕೆಲ್ಲ ಗೊತ್ತಿರುವುದು, ಇದನ್ನು ಯಾರೂ ಹೊಸದೆಂದು ಅಚ್ಚು ಹಾಕುವುದಿಲ್ಲ ಎಂದರು. ಆಮೇಲೆ ಡ್ರಾಯರಿನಿಂದ ಆ ಹಳೆಯ ಫಾರಂನ ಒಂದು ಖಾಲಿ ಪ್ರತಿ ತೆಗೆದು, ಸ್ಕೇಲಿಟ್ಟು ಅಡಿಯಲ್ಲಿ ಗೆರೆ ಎಳೆದು, ಎಲೆ ಕೊಟ್ಟವರು ಹೇಳಿದ್ದು ಎಂದು ಬರೆದರು.

"ಡಬ್ಬ ಕೊಟ್ಟಿದ್ದು ನೀನು ನಾಗರತ್ನಾ. ಫಾರಂ ಮಾಡಿದ್ದು ನಾನು. ಹೋಗಿ ತುಂಬಿಸಿಕೊಂಡು ಬಾ," ಅಂದರು.

ಹೋಗಲು ನನಗೆ ನಿವೃತ್ತಿಯವರೆಗೂ ಧೈರ್ಯ ಬರಲಿಲ್ಲ. ಇದ್ದಾರೋ ಇಲ್ಲವೋ ಎಂಬ ಭಯ ಒಂದು. ಇದ್ದರೆ ಏನು ಹೇಳಲಿ ಎಂಬುದು ಅದಕ್ಕಿಂತ ದೊಡ್ಡದು. ನಿಮ್ಮ ಕೈಗುಣ ಹೋಗಿಲ್ಲ ಎಂದು ಹೇಳಬಹುದು. ಆದರೆ ಪೂರ್ತಿ ಹೇಳಿದರೆ, ಇದ್ದದ್ದು ಕೈಗುಣವಲ್ಲ, ಚೊಂಬು ಎಂದೂ ಆಗುತ್ತದೆ. ಅರ್ಧ ಹೇಳಿ ಬರೋಣವೇ? ಹದಿಮೂರೂವರೆಯನ್ನು ಹದಿನಾಲ್ಕು ಮಾಡಿದ ಹಾಗಾಗುತ್ತದಲ್ಲ ಅನ್ನಿಸಿತು. ಒಂದು ಗುರುವಾರ ಚೊಂಬನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಚಿಕ್ಕತಾಯವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿ ಗುರುತು ಹಿಡಿದು, ಬಂದ್ಯಾ ಮಗಾ, ಕುಂತ್ಕೋ ಅಂದರು, ಹೋದ ವಾರ ಬಂದು ಹೋದವಳನ್ನು ಕೇಳಿದ ಹಾಗೆ. ನನ್ನ ಸ್ಟೀಲ್ ಡಬ್ಬ ಪಕ್ಕದಲ್ಲೇ ಇತ್ತು, ಸುಲಿದ ಕಾಳು ಅದರಲ್ಲಿ ಬೀಳುತ್ತಿತ್ತು. ನಾನು ಚೊಂಬನ್ನು ಅವರ ಮುಂದಿಟ್ಟು ಒಂದೂ ಬಿಡದೆ ಹೇಳಿದೆ. ಸುಲಿಯುತ್ತಿದ್ದ ಕೈ ನಿಂತಿತು.

"ಅಂಗಾರೆ ನನ್ ಕೈಲಿ ಏನೂ ಇರ್ಲಿಲ್ಲ ಅನ್ನು. ಎಲ್ಲಾ ಚೊಂಬಲ್ಲಿತ್ತು."

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಸಮಾಧಾನದ ಮಾತೆಲ್ಲ ಮರೆತುಹೋಯಿತು. ಕಂಡದ್ದನ್ನೇ ಹೇಳಿದೆ. ಎಲೆ ಒಂದೇ ಇಟ್ಟರೆ ಏನೂ ಇಲ್ಲ ಅವ್ವಾ, ಚೊಂಬು ಒಂದೇ ಇದ್ದರೆ ಇಷ್ಟೇ ಇಷ್ಟು, ಎರಡೂ ಸೇರಿದರೆ ಇಷ್ಟು ಎಂದು ಅವರ ಅಂಗೈ ಮೇಲೆ ಬೆರಳಿನಿಂದ ಬಳೆ ಬರೆದು ತೋರಿಸಿದೆ.

"ಸೇರಿಸ್ದೋರು ನಮ್ಮತ್ತ್ಯಮ್ಮ," ಅಂದರು.

"ಅವರ ನಂತರ ಒಂದು ದಿನವೂ ತಪ್ಪಿಸದೆ ಸೇರಿಸಿದವರು ನೀವು. ತಪ್ಪಿಸಿದವಳು ನಾನು," ಅಂದೆ.

ಅವರು ಆ ಅಂಗೈಯನ್ನು ಮುಖದ ಹತ್ತಿರ ತಂದು ಮಸುಕುಗಣ್ಣಿನಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಇಷ್ಟ್ ವರ್ಸ ಈ ಕೈಯ್ಯ ಬೈಕಂಡಿವ್ನಿ ಕಣವ್ವ."

ನಾನು ಅತ್ತೆ. ಆಕೆ ಅಳಲಿಲ್ಲ, ನನ್ನ ಬೆನ್ನು ಸವರಿದರು. ಚೊಂಬು ಮಾತ್ರ ವಾಪಸು ತೆಗೆದುಕೊಳ್ಳಲು ಸುತರಾಂ ಒಪ್ಪಲಿಲ್ಲ, ಕೊಟ್ಟದ್ದನ್ನು ಈಸಿಕೊಳ್ಳುವ ಪದ್ಧತಿ ಅವರ ಮನೆಯಲ್ಲಿಲ್ಲವಂತೆ. ಹಾಗಾದರೆ ನನ್ನ ಚೊಂಬು ನಿಮ್ಮ ಹತ್ತಿರ ಇರಲಿ, ಗುರುವಾರ ಗುರುವಾರ ಬಂದು ನೋಡಿಕೊಂಡು ಹೋಗುತ್ತೇನೆ ಎಂದೆ. ಅದಕ್ಕೆ ಒಪ್ಪಿದರು. ಸಾರ್ ಕೊಟ್ಟ ಫಾರಂ ತೆಗೆದು, ಹೇಳಿ ಅವ್ವಾ, ಬರ್ಕೋತೀನಿ ಅಂದೆ. ಮೊದಲ ದಿನ ಹೇಳಿದ್ದನ್ನೇ ಒಂದಕ್ಷರ ಬದಲಿಲ್ಲದೆ ಹೇಳಿದರು. ಬರೆದುಕೊಂಡೆ. ಓದಿ ಹೇಳು ಅಂದರು, ಓದಿದೆ.

ಆಮೇಲೆ ಗೋಡೆ ಹಿಡಿದು ಎದ್ದು, ಚೊಂಬು ಎತ್ತಿಕೊಂಡು ಹಿತ್ತಲಿಗೆ ಹೋದರು. ಬೇಲಿಯ ಸೊಪ್ಪನ್ನು ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿನಲ್ಲೇ ಹುಡುಕಿ ಕಿತ್ತರು. ಕಲ್ಲಿನ ಮೇಲೆ ಜಜ್ಜಿ ಚೊಂಬಿಗೆ ತುಂಬಿದರು. ಹಳೆಯ ಅಭ್ಯಾಸ, ಕಟ್ಟಿಕೊಡುತ್ತಾರೆಂದು ನಾನು ಎರಡು ಕೈ ಒಡ್ಡಿ ನಿಂತೆ. ನನಗೆ ಲ್ಯಾಬಿಲ್ಲ, ತಟ್ಟೆಯಿಲ್ಲ ಅನ್ನುವುದು ಆ ಗಳಿಗೆಯಲ್ಲಿ ನೆನಪೇ ಆಗಲಿಲ್ಲ. ಆಕೆ ಚೊಂಬನ್ನು ಎದೆಗವಚಿಕೊಂಡು ನನ್ನನ್ನು ದಾಟಿ ದೇವರ ಮೂಲೆಗೆ ನಡೆದರು.

"ಇವತ್ತೆಂಗ್ ಕೊಡ್ಲಿ? ಒಂದ್ ರಾತ್ರಿ ಇರ್ಬೇಕಲ್ವಾ," ಅಂದರು. "ನಾಳಿಕ್ ಬಾ."

ಮಾರನೆಯ ದಿನ ಮೊದಲ ಬಸ್ಸಿಗೇ ಹೊರಟೆ.